ರ‍್ಯಾಕೆಟ್ ಕೊಳ್ಳುವಾಗ ಗಟ್ ಬಗ್ಗೆ ಯಾರೂ ಕೇಳುವುದಿಲ್ಲ

ಟೆನಿಸ್ ಕಲಿಯಲು ಹೊರಟವರು ಮೊದಲು ಕೇಳುವುದೇ ಕಂಪನಿ ಹೆಸರು. ವಿಲ್ಸನ್ನಾ, ಹೆಡ್ಡಾ, ಯೋನೆಕ್ಸಾ? ನಡಾಲ್ ಹಿಡಿದಿದ್ದನ್ನೇ ಕೊಡಿ ಅನ್ನುವವರೂ ಇದ್ದಾರೆ. ನನ್ನ ಪ್ರಕಾರ ಕಂಪನಿ ನೋಡಬೇಕಾದದ್ದು ಕೊನೆಗೆ. ದೊಡ್ಡ ಆಟಗಾರರ ಕೈಯಲ್ಲಿರುವುದಕ್ಕೂ ಅದೇ ಹೆಸರಲ್ಲಿ ಅಂಗಡಿಯಲ್ಲಿ ಸಿಗುವುದಕ್ಕೂ ಎಷ್ಟೋ ಸಲ ಬಣ್ಣ ಮಾತ್ರ ಒಂದೇ. ಅವರದರ ಒಳಗಿರುವುದು ಯಾವುದೋ ಹಳೆಯ ಮಾಡೆಲ್, ತೂಕಕ್ಕೆ ಸೀಸದ ಪಟ್ಟಿ ಬೇರೆ ಅಂಟಿಸಿರುತ್ತಾರೆ.

ತೂಕ ಮುಖ್ಯ. ಗಟ್, ಅಂದರೆ ಹೆಣೆದ ತಂತಿ, ಇಲ್ಲದೆ 280ರಿಂದ 300 ಗ್ರಾಂ ಇದ್ದರೆ ಹೆಚ್ಚಿನ ದೊಡ್ಡವರಿಗೆ ಸಾಕು. ತೀರಾ ಹಗುರವಾದದ್ದು ಅಂಗಡಿಯಲ್ಲಿ ಬೀಸಿ ನೋಡುವಾಗ ಹಿತ ಅನ್ನಿಸುತ್ತೆ, ಆದರೆ ಎದುರಿನಿಂದ ಜೋರಾಗಿ ಚೆಂಡು ಬಂದಾಗ ಕೈಯಲ್ಲೇ ತಿರುಗಿ ಆ ಪೆಟ್ಟೆಲ್ಲ ಮೊಣಕೈಗೆ ಹೋಗುತ್ತೆ. ಗಟ್ ಹೆಣೆದ ತಲೆಭಾಗ 100 ಚದರ ಇಂಚಿನದು ತಗೊಳ್ಳಿ, ಜಾಸ್ತಿ ಯೋಚಿಸಬೇಡಿ. ಫೆಡರರ್ ಅಂಥವರೇ ವರ್ಷಗಟ್ಟಲೆ 90 ಚದರ ಇಂಚಿನದರಲ್ಲಿ ಆಡಿ 2014ರಲ್ಲಿ 97ಕ್ಕೆ ಬಂದರು, ನಮ್ಮದೇನು ಅಲ್ವಾ?

ಗ್ರಿಪ್ ನೋಡುವುದು ಸುಲಭ. ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಕೂರುವಷ್ಟು ಜಾಗ ಇರಬೇಕು. ಅನುಮಾನ ಇದ್ದರೆ ಸಣ್ಣದನ್ನೇ ತಗೊಳ್ಳಿ. ಮೇಲೆ ಓವರ್‌ಗ್ರಿಪ್ ಸುತ್ತಿ ದಪ್ಪ ಮಾಡಬಹುದು, ದಪ್ಪ ಇದ್ದದ್ದನ್ನು ಸಣ್ಣ ಮಾಡುವುದು ಕಷ್ಟ. ಮಂಗಳೂರಿನ ಸೆಕೆಯಲ್ಲಿ ಆಡುವವರಿಗೆ ಓವರ್‌ಗ್ರಿಪ್ ಹೇಗೂ ಬೇಕೇ ಬೇಕು.

ಮಕ್ಕಳಿಗೆ ಮಾತ್ರ, ದಯವಿಟ್ಟು, ಮುಂದಿನ ವರ್ಷಕ್ಕೂ ಆಗಲಿ ಅಂತ ಯೂನಿಫಾರ್ಮ್ ಹೊಲಿಸಿದ ಹಾಗೆ 27 ಇಂಚಿನ ದೊಡ್ಡವರ ರ‍್ಯಾಕೆಟ್ ಕೊಡಿಸಬೇಡಿ. 19ರಿಂದ 26 ಇಂಚಿನವರೆಗೆ ಅವರ ಎತ್ತರಕ್ಕೆ ತಕ್ಕದ್ದು ಸಿಗುತ್ತವೆ.

ಈಗ ಗಟ್. ಚೆಂಡಿಗೆ ತಾಗುವುದು ಇದೊಂದೇ, ಆದರೂ ಎಂಟು ಹತ್ತು ಸಾವಿರ ಕೊಟ್ಟು ಫ್ರೇಮ್ ತಗೊಂಡವರು ಅದರಲ್ಲಿ ಯಾವ ಗಟ್ ಇದೆ ಅಂತ ನೋಡುವುದೇ ಇಲ್ಲ. 1997ರಲ್ಲಿ ಬ್ರೆಜಿಲ್‌ನ ಆಟಗಾರ ಕುಯರ್ಟನ್ ಪಾಲಿಯೆಸ್ಟರ್ ಗಟ್ ಹಾಕಿಕೊಂಡು ಫ್ರೆಂಚ್ ಓಪನ್ ಗೆದ್ದ ಮೇಲೆ ಎಲ್ಲರಿಗೂ ಪಾಲಿ ಹುಚ್ಚು. ಅದು ಗಡುಸು, ಬೇಗ ಬಿಗಿ ಕಳೆದುಕೊಳ್ಳುತ್ತೆ. ವೃತ್ತಿಪರರಿಗೆ ಚಿಂತೆ ಇಲ್ಲ, ಅವರಲ್ಲಿ ಹೊಸ ಚೆಂಡು ಬಂದಾಗಲೆಲ್ಲ ರ‍್ಯಾಕೆಟ್ಟನ್ನೇ ಬದಲಿಸುವವರಿದ್ದಾರೆ. ನಾವು ಹರಿಯುವ ತನಕ ಆಡುತ್ತೇವೆ, ಪಾಲಿ ಬೇಗ ಹರಿಯುವುದೂ ಇಲ್ಲ, ಆಮೇಲೆ ಮೊಣಕೈ ನೋವು ಅಂತ ಫಿಸಿಯೋ ಹತ್ತಿರ ಓಡುತ್ತೇವೆ. ಭಾನುವಾರದ ಆಟಕ್ಕೆ ನೈಲಾನಿನ ಸಿಂಥೆಟಿಕ್ ಗಟ್ ಸಾಕು. ಕೈ ನೋವಿದ್ದರೆ ಸಣ್ಣ ಸಣ್ಣ ಎಳೆ ಹೊಸೆದು ಮಾಡಿದ ಮೆತ್ತನೆಯ ಮಲ್ಟಿಫಿಲಮೆಂಟ್ ಹಾಕಿಸಿ. ಹಸುವಿನ ಕರುಳಿನಿಂದ ಮಾಡುವ ನ್ಯಾಚುರಲ್ ಗಟ್ ಎಲ್ಲಕ್ಕಿಂತ ಹಿತ, ಆದರೆ ದುಬಾರಿ, ನಮ್ಮ ಮಳೆಗಾಲದ ತೇವಕ್ಕೆ ಅದನ್ನು ಒಡ್ಡಲು ನನಗಂತೂ ಮನಸ್ಸು ಬರುವುದಿಲ್ಲ.

ಟೆನ್ಶನ್, ಅಂದರೆ ಗಟ್ ಎಳೆದು ಕಟ್ಟುವ ಬಿಗಿ, 50 ಪೌಂಡ್ ಆಸುಪಾಸಿನಿಂದ ಶುರು ಮಾಡಿ. ಕಡಿಮೆ ಮಾಡಿದರೆ ಚೆಂಡು ದೂರ ಹೋಗುತ್ತೆ, ಕೈಗೂ ಆರಾಮ. ಬಿಗಿ ಮಾಡಿದರೆ ಚೆಂಡಿನ ಮೇಲೆ ಹಿಡಿತ ಜಾಸ್ತಿ. ವಾರಕ್ಕೆ ಎಷ್ಟು ಸಲ ಆಡುತ್ತೀರೋ ವರ್ಷಕ್ಕೆ ಅಷ್ಟು ಸಲವಾದರೂ ಗಟ್ ಬದಲಿಸಿ ಅಂತ ಆಡುವವರು ಹೇಳುವುದುಂಟು. ಹಾಕಿಸಿದ ತಾರೀಕು, ಪೌಂಡ್ ಎರಡನ್ನೂ ಒಂದು ಸ್ಟಿಕರ್ ಮೇಲೆ ಬರೆದು ಫ್ರೇಮ್‌ನ ಒಳಬದಿಗೆ ಅಂಟಿಸಿಡಿ. ಮುಂದಿನ ಸಲ ಎರಡು ಪೌಂಡ್ ಇಳಿಸಬೇಕೋ ಏರಿಸಬೇಕೋ ಅಂತ ಗಟ್ ಹಾಕುವವರಿಗೆ ಅದನ್ನು ನೋಡಿಯೇ ಹೇಳಬಹುದು.