ಆಪ್ತಸಮಾಲೋಚಕರ ಮೇಲೆ ದೂರು ಕೊಡುವುದೆಲ್ಲಿ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಸಾರುತ್ತದೆ. 28ನೇ ಕಲಮಿನ ಪ್ರಕಾರ, ಸೇವೆಯಲ್ಲಿ ಲೋಪ ಕಂಡವರು ಮೊದಲು ಸಂಸ್ಥೆಯ ಉಸ್ತುವಾರಿ ಹೊತ್ತ ವೈದ್ಯರಿಗೆ ಅಥವಾ ಮಾನಸಿಕ ಆರೋಗ್ಯ ವೃತ್ತಿಪರರಿಗೆ, ಅಲ್ಲಿ ತೃಪ್ತಿಯಾಗದಿದ್ದರೆ ಈ ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ, ಅನಂತರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ದೂರು ಒಯ್ಯಬಹುದು. ಆದರೆ ಕಾಯ್ದೆ ಇಲ್ಲಿ ಸಂಸ್ಥೆಯೆಂದು ಕರೆಯುವುದು ರೋಗಿಗಳನ್ನು ಒಳಗಿರಿಸಿಕೊಂಡು ಆರೈಕೆ ಮಾಡುವ ಸ್ಥಳವನ್ನು. ಬಡಾವಣೆಯ ಮಹಡಿಯ ಮೇಲೆ ಒಂದೇ ಕೋಣೆಯಲ್ಲಿ ಸಮಾಲೋಚನೆ ನಡೆಸುವವರ ಬಳಿ ನೊಂದವರಿಗೆ ಈ ಮೆಟ್ಟಿಲುಗಳು ಸುಲಭವಾಗಿ ಎಟುಕುವುದಿಲ್ಲ. ಈ ಕೊರತೆ ನನ್ನನ್ನು ನಿಜಕ್ಕೂ ಕಾಡುತ್ತದೆ.

ಕ್ಲಿನಿಕಲ್ ಸೈಕಾಲಜಿಸ್ಟರ, ಅಂದರೆ ಮಾನಸಿಕ ತೊಂದರೆಗಳ ತಪಾಸಣೆ ಮತ್ತು ಚಿಕಿತ್ಸೆಯಲ್ಲಿ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರ, ವಿಷಯದಲ್ಲಿ ಇನ್ನೊಂದು ದಾರಿಯಿದೆ. ಅವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯಲ್ಲಿರಬೇಕು, ಮತ್ತು ವೃತ್ತಿಯಲ್ಲಿ ದುರ್ನಡತೆ ಸಾಬೀತಾದರೆ, ಅವರ ವಾದವನ್ನು ಆಲಿಸಿದ ಮೇಲೆ, 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯಡಿ ಪರಿಷತ್ತು ಆ ಹೆಸರನ್ನು ತೆಗೆದುಹಾಕಬಹುದು. ಆಪ್ತಸಮಾಲೋಚಕರೆಂದು ಫಲಕ ಹಾಕಿಕೊಂಡವರೆಲ್ಲರೂ ಆ ನೋಂದಣಿಯಲ್ಲಿ ಇರುವುದಿಲ್ಲ.

ಆದ್ದರಿಂದ ಮೊದಲ ಭೇಟಿಯಲ್ಲೇ ನೋಂದಣಿ ಸಂಖ್ಯೆಯನ್ನು ಕೇಳುವುದು ಅವಿನಯವಲ್ಲ. ಯಾವ ಸಂದರ್ಭದಲ್ಲಿ ನಮ್ಮ ಮಾತು ಕೋಣೆಯಿಂದ ಹೊರಗೆ ಹೋಗಬಹುದು, ದೂರಿದ್ದರೆ ಯಾರಿಗೆ ತಿಳಿಸಬೇಕು ಎಂಬುದನ್ನು ಬರಹದಲ್ಲಿ ಕೊಡುವ ಹೊಣೆ, ನನ್ನ ದೃಷ್ಟಿಯಲ್ಲಿ, ಸಂಕಟ ಹೊತ್ತು ಬಂದವರದ್ದಲ್ಲ, ಶುಲ್ಕ ಪಡೆಯುವವರದ್ದು.