ಕೊಡಚಾದ್ರಿಯ ಕಂಬ, ನನ್ನ ಗೇಟು

ಸಾಗರದಲ್ಲಿ ನನ್ನದೊಂದು ಸಣ್ಣ ವೆಲ್ಡಿಂಗ್ ಶಾಪ್ ಇದೆ. ಗೇಟು, ಕಿಟಕಿ ಗ್ರಿಲ್ಲು, ಅಡಿಕೆ ಅಂಗಳಕ್ಕೆ ತಗಡಿನ ಮಾಡು, ಕೊಟ್ಟಿಗೆ ಬಾಗಿಲು, ಇಷ್ಟೇ ಕೆಲಸ. ಮಳೆಗಾಲ ಮುಗೀತು ಅಂದ್ರೆ ಬೈಗುಳದ ಸೀಸನ್ ಶುರು. "ಆಚಾರ್ರೇ, ನೀವು ಹಾಕಿಕೊಟ್ಟ ಗೇಟಿನ ಬುಡ ತಿಂದು ಹೋಗಿದೆ ಮಾರಾಯ್ರೆ!" ಈ ಸಲ ಬೈದದ್ದು ಒಂದು ದೇವಸ್ಥಾನದ ಕಮಿಟಿಯವರು. ಅವರ ಗೇಟು ಕಂಡದ್ದು ಎರಡೇ ಮಳೆಗಾಲ. ರೆಡ್ ಆಕ್ಸೈಡ್ ಹೊಡೆದು, ಮೇಲೆ ಎರಡು ಕೈ ಪೇಂಟ್ ಬಳಿದಿದ್ದೆ. "ದೇವರ ಕೆಲಸಕ್ಕೂ ಹೀಗಾ?" ಅಂದುಬಿಟ್ಟರು. ಆ ಮಾತು ಚುಚ್ಚಿತು.

ಅಪ್ಪ ಎಲ್ಲ ಕೇಳಿಸಿಕೊಂಡು, "ಭಾನುವಾರ ಕೊಡಚಾದ್ರಿಗೆ ಹೋಗಿ ಬರೋಣ. ಅಲ್ಲೊಂದು ಕಂಬ ಇದೆ, ನೋಡ್ಬೇಕು" ಅಂದರು. ಅಪ್ಪನಿಗೆ 74. ಭದ್ರಾವತಿ ಕಾರ್ಖಾನೆಯ ಫೋರ್ಜ್ ವಿಭಾಗದಲ್ಲಿ ದುಡಿದು ರಿಟೈರ್ ಆದವರು. ಬೆಟ್ಟದ ಮೇಲಿನ ದೇವಿಯ ಬಗ್ಗೆ ಮಾತೇ ಇಲ್ಲ, ನೋಡಬೇಕಾದ್ದು ಕಂಬ! ಅಮ್ಮ ಒಳಗಿಂದಲೇ, "ಮೊದ್ಲು ದೇವಿಗೆ ಕೈ ಮುಗೀರಿ, ಆಮೇಲೆ ಕಬ್ಬಿಣ" ಅಂತ ಹೇಳಿ ಹಣ್ಣುಕಾಯಿ ಚೀಲ ಕೈಗೆ ಕೊಟ್ಟರು.

ಹೊಸನಗರ ದಾಟಿ ನಗರಕ್ಕೆ ಬಂದಾಗ ಬೆಳಿಗ್ಗೆ ಎಂಟು. ಕೋಟೆ ಎದುರು ಚಹಾ ಕುಡಿದೆವು. ಬಿದನೂರು ಅಂತಿದ್ದ ಈ ಊರು ಕೆಳದಿ ಅರಸರ ಕೊನೆಯ ರಾಜಧಾನಿ; 1763ರಲ್ಲಿ ಹೈದರಾಲಿ ಹಿಡಿದ ಮೇಲೆ ಹೈದರ್‌ನಗರ ಆಗಿ, ಈಗ ಬರೀ ನಗರ. ಕೋಟೆ ಒಳಗೆ ಹೋಗೋಣವಾ ಅಂದರೆ ಅಪ್ಪ ಗಡಿಯಾರ ತೋರಿಸಿದರು.

ಕಟ್ಟಿನಹೊಳೆಯಿಂದ ಮೇಲಕ್ಕೆ ಜೀಪು. ಅದಕ್ಕೆ ದಾರಿ ಅನ್ನೋದು ಬರೀ ಉಪಚಾರಕ್ಕೆ. ಕೊಲ್ಲೂರಿಗೆ ಬಂದಿದ್ದ ಕೇರಳದ ಒಂದು ಸಂಸಾರದ ಜೊತೆ ನಮ್ಮನ್ನೂ ತುರುಕಿದ ಡ್ರೈವರ್, "ಅಜ್ಜಾರೇ, ಮೇಲಿನ ರಾಡ್ ಬಿಡಬೇಡಿ" ಅಂದ. ಅಪ್ಪ ರಾಡ್ ಹಿಡಿದವರು ಅದರ ವೆಲ್ಡಿಂಗ್ ನೋಡಿ ನನಗೆ ಕಣ್ಸನ್ನೆ ಮಾಡಿದರು. ಕೆಟ್ಟ ಕೆಲಸ. ಜೀಪಿನ ಚಕ್ರ ಕಿತ್ತ ಮಣ್ಣು ಕಾವಿಗಿಂತ ಕೆಂಪು. ಈ ಬೆಟ್ಟದಲ್ಲೇ ಕಬ್ಬಿಣದ ಅದಿರಿದೆ.

ಜೀಪು ನಿಲ್ಲುವಲ್ಲಿಂದ ನಾಲ್ಕು ಹೆಜ್ಜೆಗೆ ಮೂಲ ಮೂಕಾಂಬಿಕೆಯ ಗುಡಿ. ದೊಡ್ಡ ದೇವಸ್ಥಾನ ಊಹಿಸಿಕೊಂಡು ಹೋದವರಿಗೆ ನಿರಾಸೆ ಆಗುವಷ್ಟು ಚಿಕ್ಕದು. ಕೊಲ್ಲೂರಿನ ದೇವಿಯ ಮೂಲಸ್ಥಾನ ಇದು ಅಂತ ನಂಬಿಕೆ. ಕಾಯಿ ಒಡೆಸಿ, ತೀರ್ಥ ತಗೊಂಡು ಹೊರಗೆ ಬಂದೆ. ಅಪ್ಪ ಆಗಲೇ ಕಂಬದ ಬುಡದಲ್ಲಿ.

ಮೂಕಾಸುರನನ್ನು ಕೊಂದ ದೇವಿ ನೆಟ್ಟ ತ್ರಿಶೂಲ ಇದು ಅಂತ ಸ್ಥಳದವರ ಮಾತು. ತೆಳ್ಳಗೆ, ಅಡಿಕೆ ಮರದ ಹಾಗೆ ಮೇಲಕ್ಕೆ ಹೋಗಿದೆ. ಸುತ್ತ ಕಟ್ಟಡದ ಆಸರೆ ಇಲ್ಲ. ಹುಲಿಕಲ್, ಆಗುಂಬೆ ಸೀಮೆಯ ಮಳೆ, ಕಡಲ ಕಡೆಯಿಂದ ಬೀಸೋ ಗಾಳಿ, ಎರಡಕ್ಕೂ ಮೈಯೊಡ್ಡಿ ನಿಂತಿದೆ. ನಮ್ಮ ಕಸುಬಿನವನ ಕಣ್ಣಿಗೆ ಇದು ಪವಾಡ ಅಲ್ಲ, ಅವಮಾನ.

"ಮುಟ್ಟಬಹುದಾ ಭಟ್ರೇ?" ಅಪ್ಪ ಕೇಳಿದರು.

"ಮುಟ್ಟಿ ನಮಸ್ಕಾರ ಮಾಡಿ, ಅಡ್ಡಿಲ್ಲ."

ಅಪ್ಪ ನಮಸ್ಕಾರ ಮಾಡಿದರು, ಆದರೆ ಕೈ ವಾಪಸ್ ತಗೊಳ್ಳಲಿಲ್ಲ. ಹೆಬ್ಬೆರಳಿಂದ ನಿಧಾನ ಉಜ್ಜಿದರು. ಬೆರಳಿಗೆ ಪುಡಿ ಹತ್ತಲಿಲ್ಲ. ತುಕ್ಕೇ ಇಲ್ಲ ಅಂದರೆ ಸುಳ್ಳು. ಕಂದುಗಪ್ಪು ಬಣ್ಣಕ್ಕೆ ತಿರುಗಿದೆ. ಆದರೆ ಅದು ನಮ್ಮ ಗೇಟಿನ ತುಕ್ಕಿನ ಹಾಗೆ ಹಪ್ಪಳ ಹಪ್ಪಳ ಏಳುವುದಲ್ಲ, ಮೈಗೆ ಕಚ್ಚಿಕೊಂಡ ಸಿಪ್ಪೆ. ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿ ಇಟ್ಟರು. ಕೇರಳದ ಸಂಸಾರದ ಪುಟ್ಟ ಹುಡುಗಿಯೂ ಬಂದು ಹಾಗೇ ಕುಟ್ಟಿ ಕಿವಿ ಇಟ್ಟಿತು.

"ಇದು ಎರಕ ಅಲ್ಲ, ಬಡಿದು ಮಾಡಿದ್ದು" ಅಂತ ಅಪ್ಪ ಶುರು ಮಾಡಿದರು. "ಹಿಂದಿನವರ ಒಲೆಯಲ್ಲಿ ಕಬ್ಬಿಣ ನೀರಾಗ್ತಿರ್ಲಿಲ್ಲ. ಅದಿರು, ಇದ್ದಿಲು ಹಾಕಿ ತಿದಿ ಊದಿದ್ರೆ ಕಡೆಗೆ ಸಿಗೋದು ತೂತುತೂತಿನ ಒಂದು ಮುದ್ದೆ. ಕೆಂಪಗಿರುವಾಗಲೇ ಚಮ್ಮಟಿಗೆಯಲ್ಲಿ ಬಡಿದು ಒಳಗಿನ ಕಿಟ್ಟ ಹಿಂಡಬೇಕು. ಆಮೇಲೆ ಮುದ್ದೆಗೆ ಮುದ್ದೆ ಸೇರಿಸಿ, ಬಿಳಿ ಕಾವು ಬಂದಾಗ ಬಡಿದು ಬೆಸೀಬೇಕು. ನಿನ್ನ ಕರೆಂಟ್ ವೆಲ್ಡಿಂಗ್ ಅಲ್ಲ." ಮನೆಯಲ್ಲಿ ಮೆಟ್ಟುಗತ್ತಿಗೆ, ಹಾರೆಗೆ ಅಜ್ಜ ಬೆಸುಗೆ ಹಾಕುತ್ತಿದ್ದದ್ದು ನನಗೂ ಅಷ್ಟಿಷ್ಟು ನೆನಪಿದೆ. ಕುಲುಮೆಯಿಂದ ಕಿಡಿ ಹೂವಿನ ಹಾಗೆ ಹಾರಿದ ಗಳಿಗೆಯಲ್ಲೇ ಬಡಿಯಬೇಕಿತ್ತು, ಒಂದು ಗಳಿಗೆ ಆಚೀಚೆ ಆದರೂ ಅಜ್ಜನ ಬಾಯಿಂದ ಕಿಡಿ.

ಲೋಹಶಾಸ್ತ್ರಜ್ಞ ಟಿ.ಆರ್. ಅನಂತರಾಮನ್ 1999ರಲ್ಲಿ ಈ ಕಂಬದ ಬಗ್ಗೆ ಬರೆದಿದ್ದಾರೆ. ದೆಹಲಿಯ ಮೆಹ್ರೌಲಿಯ ಕಬ್ಬಿಣದ ಕಂಬದ ಮೇಲೂ ಕೆಲಸ ಮಾಡಿದವರು ಅವರು. ಆ ಕಂಬ 7 ಮೀಟರಿಗೂ ಹೆಚ್ಚು ಎತ್ತರ, 6 ಟನ್ನಿಗೂ ಹೆಚ್ಚು ತೂಕ, ಸುಮಾರು 1600 ವರ್ಷ ಹಳೆಯದು. ಅದರಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ ಇರುವುದರಿಂದ ಮೈಮೇಲೊಂದು ತೆಳು ಪೊರೆ ಬೆಳೆದು ತುಕ್ಕು ತಡೆಯುತ್ತದೆ ಅಂತ ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ತೋರಿಸಿದರು. ನಮ್ಮ ಅಂಗಡಿಗೆ ಬರುವ ಪೈಪಿನಲ್ಲಿ ರಂಜಕ ಇರಲೇಬಾರದು ಅಂತ ಹಟ ಹಿಡಿದು ತೆಗೆದಿರುತ್ತಾರೆ. ಇದ್ದರೆ ಉಕ್ಕು ಪೆಡಸಾಗುತ್ತದೆ.

ಹಾಗಾದರೆ ತಪ್ಪು ನನ್ನದಲ್ಲ, ಪೈಪಿನದ್ದು! ಎಷ್ಟೋ ದಿನದ ಮೇಲೆ ಎದೆ ಹಗುರ ಆಯಿತು. ಅಪ್ಪನಿಗೆ ಹೇಳಿದೆ. ಅವರು ಕಂಬದಿಂದ ಕಣ್ಣು ತೆಗೆಯದೆ ಕೇಳಿದರು:

"ಇದರಲ್ಲಿ ನೀರು ನಿಲ್ಲೋ ಜಾಗ ಎಲ್ಲಿದೆ ತೋರ್ಸು."

ಕೆಳಗಿಂದ ಮೇಲಿನ ತನಕ ನೋಡಿದೆ. ಟೊಳ್ಳಿಲ್ಲ, ಸಂದಿಲ್ಲ, ಮೂಲೆಯಿಲ್ಲ. ಬಿದ್ದ ನೀರು ಜಾರಿ ಇಳಿಯುತ್ತದೆ, ಗಾಳಿಗೆ ಮೈ ಒಣಗುತ್ತದೆ.

"ನಿನ್ನ ಗೇಟಲ್ಲಿ?"

ಉತ್ತರ ಕೊಡಲಿಲ್ಲ. ಅವರಿಗೆ ಬೇಕಾಗಿಯೂ ಇರಲಿಲ್ಲ.

ಬಂದದ್ದಕ್ಕೆ ಸರ್ವಜ್ಞ ಪೀಠಕ್ಕೂ ಹತ್ತಿ ಬಂದೆ. ಅಪ್ಪನ ಮಂಡಿ ಕೇಳಲಿಲ್ಲ, ಅವರು ಕಂಬದ ಹತ್ತಿರವೇ ಕೂತರು. 1343 ಮೀಟರಿನ ತುದಿಯಲ್ಲಿ, ಆದಿ ಶಂಕರರು ತಪಸ್ಸಿಗೆ ಕೂತಿದ್ದರು ಅನ್ನುವ ಜಾಗದಲ್ಲಿ, ಅಂಗೈಯಗಲದ ಒಂದು ಕಲ್ಲಿನ ಮಂಟಪ. ಶೋಲಾ ಕಾಡು ಕಣಿವೆಯೊಳಗೆ ಹುದುಗಿದೆ, ಉಳಿದದ್ದೆಲ್ಲ ಬೋಳು ಹುಲ್ಲು. ಸೆಲ್ಫಿಯವರ ಸಾಲು ಕರಗುವ ತನಕ ಕಾದು, ಶಂಕರರ ಮೂರ್ತಿಗೆ ಕೈ ಮುಗಿದು ಇಳಿದೆ. ನಿಜ ಹೇಳಬೇಕೆಂದರೆ ತಲೆಯಲ್ಲಿ ಗೇಟಿನ ಕೆಳಪೈಪೇ ಇತ್ತು.

ಕೆಳಗೆ ಬಂದರೆ ಅಪ್ಪ ಕೇರಳದವರಿಗೆ ಭದ್ರಾವತಿ ಪುರಾಣ ಹೇಳುತ್ತಿದ್ದರು. 1923ರಲ್ಲಿ ಕುಲುಮೆ ಹೊತ್ತಿದ್ದು, ಕೆಮ್ಮಣ್ಣುಗುಂಡಿಯಿಂದ ರೋಪ್‌ವೇಯಲ್ಲಿ ಅದಿರು ಇಳಿಯುತ್ತಿದ್ದದ್ದು, ಮಲೆನಾಡಿನ ಕಾಡೇ ಇದ್ದಿಲಾಗಿ ಉರಿದದ್ದು. ಅವರಿಗೆ ಎಷ್ಟು ಕನ್ನಡ ಅರ್ಥವಾಯಿತೋ, ತಲೆಯಂತೂ ಆಡಿಸುತ್ತಿದ್ದರು.

ಮಂಗಳವಾರ ಗ್ರೈಂಡರ್ ಹಿಡಿದು ದೇವಸ್ಥಾನಕ್ಕೆ ಹೋದೆ, ಅಪ್ಪನೂ ಬಂದರು. ಗೇಟಿನ ಕೆಳಗಿನ 16 ಗೇಜಿನ ಸ್ಕ್ವೇರ್ ಪೈಪು ಕೊಯ್ದದ್ದೇ ತಡ, ಒಳಗಿಂದ ಒಂದು ಲೋಟದಷ್ಟು ಕೆಂಪು ನೀರು, ಕಡು ಚಹಾದ ಹಾಗೆ, ನನ್ನ ಚಪ್ಪಲಿ ಮೇಲೆ ಸುರಿಯಿತು. ಮೇಲಿನ ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತು ಬಿಟ್ಟಿದ್ದೆ. ಅಲ್ಲಿಂದ ಇಳಿದ ಮಳೆ ಹೊರಗೆ ಹೋಗಲು ದಾರಿಯಿಲ್ಲದೆ, ಪೇಂಟೇ ಕಾಣದ ಒಳಮೈಯನ್ನು ಎರಡು ವರ್ಷ ಕೂತು ತಿಂದಿತ್ತು. ಹೊಸ ಪೈಪು ಹಾಕಿದೆ. ಮೇಲಿನ ಬೆಸುಗೆ ಮತ್ತೆ ಓಡಿಸಿದೆ. ಕೆಳಗಡೆ ಗೇಣಿಗೊಂದರಂತೆ 8 ಎಂ.ಎಂ. ತೂತು ಕೊರೆಯತೊಡಗಿದೆ.

ಕಮಿಟಿಯ ಹಿರಿಯರೊಬ್ಬರು ಕೊಡೆ ಊರಿಕೊಂಡು ಬಂದು ಬಗ್ಗಿ ನೋಡಿದರು. "ಇದೆಂತ ಆಚಾರ್ರೇ, ಹೊಸ ಪೈಪಿಗೆ ತೂತು ಹೊಡೀತಾ ಇದ್ದೀರಿ?"

ನಾನು ಬಾಯಿ ತೆರೆಯುವ ಮೊದಲೇ ಪ್ಲಾಸ್ಟಿಕ್ ಕುರ್ಚಿಯಿಂದ ಅಪ್ಪ ಅಂದರು, "ಅದರ ಚಾರ್ಜು ಬೇರೆ."