ಲೆನ್ಸ್ ಮೇಲೆ ಗೂಬೆ ಕೂರಿಸಿದ್ದೆ

ನಮ್ಮ ತೋಟದ ಕೆರೆಗೆ ಒಂದು ಮೀನುಗೂಬೆ ಬರುತ್ತೆ ಅಂತ ನಂಗೆ ಮೊದ್ಲು ಹೇಳಿದ್ದು ಮೋಟ್ರು ನೋಡ್ಕೊಳ್ಳೋ ಅಣ್ಣ. "ಆರೂಮುಕ್ಕಾಲಿಗೆ ಕರೆಕ್ಟಾಗಿ ಡ್ಯೂಟಿಗೆ ಬರುತ್ತೆ ಸಾರ್, ನಮ್ಗಿಂತ ಪಂಕ್ಚುಯಲ್ಲು" ಅಂದ್ರು. ನಮ್ಮದು ಕೊಡಗಿನ ಸಿದ್ದಾಪುರದ ಕಡೆ, ರೋಬಸ್ಟಾ ಕಾಫಿ ತೋಟ, ಕುಯ್ಲು ಮುಗಿಯೋ ಹೊತ್ತಿಗೇ ಬ್ಲಾಸಮ್‌ಗೆ ಅಂದ್ರೆ ಹೂ ಬಿಡಕ್ಕೆ ಅಂತ ಸ್ಪ್ರಿಂಕ್ಲರ್ ಶುರು ಆಗುತ್ತಲ್ಲ, ಮಾರ್ಚ್ ಬರೋಷ್ಟರಲ್ಲಿ ಕೆರೆ ಅರ್ಧಕ್ಕೆ ಇಳಿದು ಅಂಚಿಗೆಲ್ಲ ಕೆಸರು, ಗೇಣುದ್ದ ನೀರು, ಅದ್ರಲ್ಲಿ ಮೀನು ಏಡಿ ಕಪ್ಪೆ ಎಲ್ಲ ಒತ್ತೊತ್ತಾಗಿ. ಗೂಬೆಗೆ ಇನ್ನೇನು ಬೇಕು.

ಹೋಗಿ ನೋಡಿದ್ರೆ ನಿಜ. ಒಂದು ಒಣಗಿದ ಕೊಂಬೆ ಮೇಲೆ, ಎರಡಡಿಗೆ ಸ್ವಲ್ಪ ಕಮ್ಮಿ ಎತ್ತರ, ಕಿವಿ ತರ ಎರಡು ಜುಟ್ಟು, ಹಳದಿ ಕಣ್ಣು. ಕಾಲಲ್ಲಿ ಮಾತ್ರ ಪುಕ್ಕ ಇಲ್ಲ, ಬೋಳು, ನೀರಲ್ಲಿ ಕೈ ಹಾಕೋ ಕೆಲಸ ಅಲ್ವಾ ಅದ್ರದ್ದು. ಬೇರೆ ಗೂಬೆಗಳು ಹಾರಿದ್ರೆ ಸದ್ದೇ ಬರಲ್ಲ, ರೆಕ್ಕೆ ಪುಕ್ಕದ ಅಂಚು ಬಾಚಣಿಗೆ ತರ ಇರುತ್ತೆ, ಇದಕ್ಕೆ ಅದಿಲ್ಲ, ಹಾರುವಾಗ ಭರ್ ಅಂತ ಕೇಳುತ್ತೆ. ಮೀನಿಗೆ ನೀರೊಳಗೆ ಗಾಳಿ ಸದ್ದು ಏನು ಕೇಳ್ಬೇಕು ಹೇಳಿ.

ಫೋಟೋ ಕಥೆ ಬೇರೆ. ನನ್ನ ಹತ್ರ ಇರೋದು 150-600 ಲೆನ್ಸು, 600ಕ್ಕೆ ಎಳೆದ್ರೆ ಎಫ್ 6.3 (ಈ ನಂಬರ್ ಕಮ್ಮಿ ಇದ್ದಷ್ಟೂ ಒಳಗೆ ಬೆಳಕು ಜಾಸ್ತಿ). ಸೂರ್ಯ ಮುಳುಗಿ ಹತ್ತು ನಿಮಿಷಕ್ಕೆ ಐಎಸ್‌ಒ 6400 (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನೋ ನಂಬರ್) ಇಟ್ರೂ ಶಟರ್ ಸೆಕೆಂಡಿನ 1/15 ಹೊತ್ತು ತೆರೆದಿರ್ಬೇಕು. ಹಗಲಲ್ಲಿ ಹಕ್ಕಿಗೆ ಇಡೋ 1/500 ಬೇಕು ಅಂದ್ರೆ ಐಎಸ್‌ಒ ಎರಡು ಲಕ್ಷ ದಾಟ್ಬೇಕು, ಆಗ ಬರೋದು ಗೂಬೆ ಅಲ್ಲ, ಕಣದಲ್ಲಿ ಕಾಳುಮೆಣಸು ಹರಡಿದ ಫೋಟೋ. ನಾಲ್ಕು ಸಂಜೆ, ಮುನ್ನೂರು ಫೋಟೋ, ಎಲ್ಲಾ ಶೇಕು. ತಪ್ಪೆಲ್ಲ ಲೆನ್ಸ್‌ದು ಅಂತ ಅದ್ರ ಮೇಲೆ ಗೂಬೆ ಕೂರಿಸಿ ರಾತ್ರಿ ಕೂತ್ಕೊಂಡು 600 ಎಫ್ 4 ಲೆನ್ಸಿನ ರೇಟ್ ನೋಡಿದೆ, ಹೊಸ ಕಾರೇ ಬರುತ್ತೆ, ಸಿಗೋ ಬೆಳಕು ಬರೀ ಎರಡೂವರೆ ಪಟ್ಟು ಜಾಸ್ತಿ.

ಐದನೇ ದಿನ ಫೋಟೋನ ಲ್ಯಾಪ್‌ಟಾಪಲ್ಲಿ ದೊಡ್ಡದು ಮಾಡಿ ನೋಡುವಾಗ ಹೊಳೀತು, ಗೂಬೆ ಅಲ್ಲಾಡಿದ್ರೆ ಗೂಬೆ ಮಾತ್ರ ಮಸುಕಾಗ್ಬೇಕು ತಾನೇ? ಇಲ್ಲಿ ಕೊಂಬೆನೂ ಎರಡೆರಡು, ಕೆಸರಿನ ಅಂಚೂ ಎರಡೆರಡು. ಪಾಪ, ಗೂಬೆ ಕಲ್ಲಿನ ಹಾಗೆ ಕೂತಿದೆ. ಅಲ್ಲಾಡ್ತಿರೋದು ನಾನು! ಟ್ರೈಪಾಡ್ ಇಟ್ಟಿದ್ದು ಪಂಪ್‌ಹೌಸ್ ಕಾಂಕ್ರೀಟ್ ಮೇಲೆ, ಗಟ್ಟಿ ಜಾಗ ಅಂತ. ಮಾರನೇ ದಿನ ಅಲ್ಲೇ ಚಾ ಲೋಟ ಇಟ್ಟು ನೋಡಿದ್ರೆ ಮೋಟ್ರಿಗೆ ಚಾ ಮೇಲೆಲ್ಲ ಸಣ್ಣ ಸಣ್ಣ ಉಂಗುರ.

ಟ್ರೈಪಾಡ್ ಕೆರೆ ಏರಿಯ ಆ ತುದಿಗೆ ಹೋಯ್ತು. ಅಣ್ಣಂಗೆ ಕೇಳ್ಕೊಂಡೆ, ಪೈಪ್ ಚೇಂಜ್ ಮಾಡಕ್ಕೆ ಹೇಗೂ ಮೋಟ್ರು ಆಫ್ ಮಾಡ್ತೀರಲ್ಲ, ಅದನ್ನ ಆರೂಮುಕ್ಕಾಲಿಗೆ ಮಾಡಿ ಅಂತ. "ಟಾರ್ಚ್ ಬಿಡ್ಲಾ ಸಾರ್?" ಅಂದ್ರು, ಬೇಡ ಅಂದೆ, ಅದ್ರ ಕಣ್ಣು ಕತ್ತಲಿಗೆ ಹೊಂದ್ಕೊಂಡಿರುತ್ತೆ, ಊಟದ ಟೈಮಲ್ಲಿ ಯಾರಾದ್ರೂ ನಮ್ಮ ಮುಖಕ್ಕೆ ಲೈಟ್ ಬಿಟ್ರೆ ಹೇಗಿರುತ್ತೆ. ಮೊಬೈಲಲ್ಲಿ ಅದ್ರ ಕೂಗು ಹಾಕಿ ಕರೆಯೋರೂ ಇದಾರೆ, ನಂಗೆ ಅದು ಕಂಡ್ರೆ ಆಗಲ್ಲ.

ಮೋಟ್ರು ನಿಂತಿದ್ದೇ ಕೆರೆ ಪೂರ್ತಿ ಸೈಲೆಂಟು, ಕಪ್ಪೆ ಶುರು. ಕೈನಡುಕ ತಡೆಯೋ ಲೆನ್ಸಿನ ಸ್ಟೆಬಿಲೈಸೇಷನ್ ಆಫ್, ಸ್ಕ್ರೀನಲ್ಲಿ ಜೂಮ್ ಮಾಡಿ ಕಣ್ಣಿಗೆ ಕೈಯಲ್ಲೇ ಫೋಕಸ್, ಎರಡು ಸೆಕೆಂಡ್ ಟೈಮರ್ ಹಾಕಿ ಕೈ ತೆಗೆದ್ಬಿಟ್ಟೆ. 1/10ರಲ್ಲಿ ಹತ್ತು ಕ್ಲಿಕ್ಕು. ಒಂಬತ್ತರಲ್ಲಿ ತಲೆ ಆ ಕಡೆ ಈ ಕಡೆ, ಒಂದ್ರಲ್ಲಿ ನೀರನ್ನೇ ನೋಡ್ತಾ ಕೂತಿದೆ, ಎದೆ ಮೇಲಿನ ಸಣ್ಣ ಗೆರೆನೂ ಎಣಿಸ್ಬಹುದು. ನಾಯ್ಸ್, ಅಂದ್ರೆ ಆ ಕಾಳುಮೆಣಸು ಇದೆ, ಇರ್ಲಿ.

ಮನೆಲಿ ತೋರಿಸಿದ್ರೆ ಅಜ್ಜಿ "ಗೂಬೆ ಫೋಟೋನ ಗೋಡೆಗೆ ಮಾತ್ರ ಹಾಕ್ಬೇಡ ಮಗ" ಅಂದ್ರು, ಆಮೇಲೆ ಕನ್ನಡಕ ತರಿಸ್ಕೊಂಡು ಇನ್ನೊಂದ್ಸಲ ನೋಡಿದ್ರು.

ಮಾರನೇ ಸಂಜೆ ವಾಟ್ಸಾಪ್ ಗ್ರೂಪಲ್ಲಿ ಪಕ್ಕದ ತೋಟದಲ್ಲಿ ಆನೆ ಅಂತ ಮೆಸೇಜ್ ಬಂತು, ಚಿಕ್ಕಪ್ಪ ಫೋನ್ ಮಾಡಿ ಬೈದ್ರು, ಕ್ಯಾಮೆರಾ ಮಡಚ್ಕೊಂಡು ಮನೆಗೆ ಬಂದೆ. ಬೆಳಿಗ್ಗೆ ಅಣ್ಣ ಸಿಕ್ಕಿ, "ನಿನ್ನೆ ನೀವು ಆ ಕಡೆ ಹೋಗಿದ್ದೇ ಒಂದು ದೊಡ್ಡ ಏಡಿ ಹಿಡೀತು ಸಾರ್, ನನ್ನೆದ್ರಿಗೇ ಕೂತು ತಿಂತು" ಅಂದ್ರು.